ಕಿಟಕಿ ತೆಗೆದ ಪ್ರಸಂಗ

ನಮ್ಮ ಅಡಿಗೆಮನೆಯಲ್ಲಿ ಒಂದು ಸ್ಟೀಲ್ ಬಟ್ಟಲಿದೆ. ಅದು ದುಂಡಗಿಲ್ಲ, ಮಾವಿನಕಾಯಿಯ ಹಾಗೆ ಉದ್ದುದ್ದ. ಹೊಸದಾಗಿ ಬಂದ ನೆಂಟರು ಊಟಕ್ಕೆ ಕೂತಾಗ ಅದನ್ನು ಒಮ್ಮೆ ತಿರುಗಿಸಿ ನೋಡಿ, "ಇದ್ಯಾವ್ದು, ಹೊಸ ಡಿಸೈನಾ? ಮೈಸೂರಲ್ಲಿ ತಕಂಡ್ರಾ?" ಎಂದು ಕೇಳುವುದುಂಟು. ನಾನು ಹೌದೆಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಸಾರು ಆರಿಹೋಗುತ್ತದೆ. ನಿಮಗೆ ಅಂಥ ಅವಸರವೇನೂ ಇಲ್ಲವೆಂದುಕೊಂಡು ಹೇಳುತ್ತೇನೆ ಕೇಳಿ. ಅಂಗಡಿಯಿಂದ ಬಂದಾಗ ಅದೂ ಎಲ್ಲ ಬಟ್ಟಲುಗಳ ಹಾಗೆ ದುಂಡಗೇ ಇತ್ತು. ಮೂವತ್ತೈದು ವರ್ಷ ದಿನಕ್ಕೆರಡು ಸಲ ಎರಡು ಕಬ್ಬಿಣದ ಸರಳುಗಳ ನಡುವೆ ನುಗ್ಗಿ ನುಗ್ಗಿ ಈ ಗತಿಗೆ ಬಂದಿದೆ. ನಮ್ಮ ಬೀದಿಯಲ್ಲಿ ಅದಕ್ಕೆ ಕಿಟಕಿ ಬಟ್ಟಲು ಎಂದೇ ಹೆಸರು.

ಬಟ್ಟಲಿನ ಮಾತು ಬಂದ ಮೇಲೆ ಕಿಟಕಿಯ ಮಾತು ಬರಲೇಬೇಕು. ಕೊಳ್ಳೇಗಾಲದಲ್ಲಿ ನಮ್ಮದು ಮುತ್ತಾತ ಕಟ್ಟಿಸಿದ ಮನೆ. ಮೊಳ ದಪ್ಪದ ಮಣ್ಣಿನ ಗೋಡೆ, ಬೀದಿಯುದ್ದಕ್ಕೂ ಜಗಲಿ, ಜಗಲಿಯ ಕಡೆಗೆ ಒಂದೇ ಒಂದು ದೊಡ್ಡ ಕಿಟಕಿ. ಹೊನ್ನೆಮರದ ಚೌಕಟ್ಟು, ಏಳು ಸರಳು, ಮೇಲೆರಡು ಕೆಳಗೆರಡು ನಾಲ್ಕು ಕದ. ಒಳಗೆ ಚಾಪೆಯ ಮೇಲೆ ಕೂತವರಿಗೂ ಬೀದಿ ಕಾಣಬೇಕೆಂದು ಅದನ್ನು ಮಂಡಿಯೆತ್ತರಕ್ಕೇ ಕೂರಿಸಿದ್ದರು. ಬಣ್ಣ ಬಳಿದಿದ್ದೇ ಬಳಿದಿದ್ದು. ಉಗುರಿನಿಂದ ಕೆರೆದರೆ ಹಸಿರು, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ. ನಾನು ಅಕ್ಷರ ಕಲಿಯುವ ಮೊದಲೇ ಅದನ್ನು ಕೆರೆಯುವುದನ್ನು ಕಲಿತಿದ್ದೆ. ಆ ಸರಳುಗಳ ರುಚಿಯೂ ನನಗೆ ಗೊತ್ತು. ನೆಕ್ಕಿದರೆ ಒಂದು ಥರ ಹುಳಿ ಹುಳಿ. ನೀವೂ ನೆಕ್ಕಿರುತ್ತೀರಿ, ಸುಮ್ಮನೆ ಮುಖ ಹುಳ್ಳಗೆ ಮಾಡಬೇಡಿ.

ಆರು ವರ್ಷದವನಿದ್ದಾಗ ಒಂದು ಮಧ್ಯಾಹ್ನ ರೇಷ್ಮೆಗೂಡಿನ ಮೂಟೆ ಹೇರಿದ ಗಾಡಿಯೊಂದು ಬೀದಿಯಲ್ಲಿ ಮಗುಚಿಕೊಂಡಿತು. ಅದನ್ನು ಚೆನ್ನಾಗಿ ನೋಡುವ ಹುಮ್ಮಸ್ಸಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಸರಳಿನ ನಡುವೆ ತಲೆ ತೂರಿಸಿದೆ. ಹೋದ ತಲೆ ವಾಪಸು ಬರಲಿಲ್ಲ. ಒಳಗಿನಿಂದ ಅವ್ವ ಕಾಲು ಹಿಡಿದು ಎಳೆದಳು. ಹೊರಗಿನಿಂದ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಕಿವಿಗಳಿಗೆ ಹರಳೆಣ್ಣೆ ಹಚ್ಚಿ ಹಣೆ ಹಿಡಿದು ತಳ್ಳಿದಳು. "ತಲೆನಾ ಇದು, ಕುಂಬ್ಳಕಾಯಾ?" ಎಂದು ಬೈಯುತ್ತಲೇ ಅತ್ತಳು. ಕೊನೆಗೆ ಚಿಕ್ಕಪ್ಪ ಹಾರೆ ಕೊಟ್ಟು ನಾಲ್ಕನೆಯ ಸರಳನ್ನು ಬಾಗಿಸಿದ ಮೇಲೆ ನಾನು ಪಾರಾದೆ. ಸರಳು ಮಾತ್ರ ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಮುಂದೆ ಆ ಬಟ್ಟಲಿಗೆ ದಾರಿಯಾದದ್ದು ಅದೇ ಸಂದು. ನನ್ನ ತಲೆಯಿಂದ ಲೋಕಕ್ಕೆ ಆದ ಉಪಕಾರ ಅದೊಂದೇ ಎಂದು ನನ್ನ ಹೆಂಡತಿ ಸುಧಾ ಈಗಲೂ ಹೇಳುತ್ತಾಳೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆ ಪಾಲಾಯಿತು. ನಡುಮನೆಯ ಮಧ್ಯಕ್ಕೆ ಗೋಡೆ ಬಂತು. ಕಿಟಕಿಯಿರುವ ಅರ್ಧ ನಮಗೆ, ಒರಳುಕಲ್ಲು ಇರುವ ಅರ್ಧ ಚಿಕ್ಕಪ್ಪನಿಗೆ. ಜಗಲಿಯನ್ನು ಮಾತ್ರ ಯಾರೂ ಕಡಿಯಲಿಲ್ಲ, ಅಣ್ಣ ತಮ್ಮ ಇಬ್ಬರಿಗೂ ಸಂಜೆ ಕೂರಲು ಅದೇ ಬೇಕಿತ್ತು. ಒರಳುಕಲ್ಲು ನೆಲಕ್ಕೆ ಹೂತದ್ದು, ಕಿತ್ತು ಕೊಡುವ ಹಾಗಿರಲಿಲ್ಲ. ಅವ್ವ ನೆನೆಸಿದ ಉದ್ದು ಹಿಡಿದು ಆ ಮನೆಗೇ ಹೋಗಿ ರುಬ್ಬಿಕೊಂಡು ಬರುತ್ತಿದ್ದಳು. ಒಂದು ದಿನ ಹೋದಾಗ ಚಿಕ್ಕವ್ವ ಕಲ್ಲಿನ ಮುಂದೆ ಕೂತಿದ್ದವಳು, "ತಡಿಯಕ್ಕ, ನಂದಾಗ್ಲಿ" ಎಂದಳು. ತನ್ನ ರುಬ್ಬುವ ಕೆಲಸ ಮುಗಿಯಲಿ ಎಂದು ಅವಳ ಅರ್ಥ. ಕಲ್ಲು ತನ್ನದಾಗಲಿ ಎಂದು ಅವ್ವನ ಕಿವಿಗೆ ಬಿತ್ತು.

"ನಿನ್ನೆ ಗಂಟ ಎಲ್ರದೂ ಆಗಿದ್ದು ಇವತ್ತು ನಿಂದಾಯ್ತಾ?" ಎಂದು ಅವ್ವ ಉದ್ದಿನ ಪಾತ್ರೆ ಎತ್ತಿಕೊಂಡಳು. ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಬಾಯಲ್ಲಿ ಸೋಲುವವರಲ್ಲ. ಕೊನೆಗೆ ಅವ್ವ, "ಮಾದಪ್ಪನಾಣೆಗೂ ಇನ್ ನಿನ್ನೊಸ್ಲು ತುಳಿಯಲ್ಲ" ಎಂದಳು. ಚಿಕ್ಕವ್ವ, "ನಾನೂ ಅಷ್ಟೆಯ. ನಿನ್ನೊಸ್ಲು ತುಳುದ್ರೆ ಮಾದಪ್ಪ ಕೇಳ್ಲಿ" ಎಂದಳು. ನಮ್ಮ ಕಡೆ ಬೇರೆ ಯಾವ ಆಣೆಯನ್ನಾದರೂ ಹಿಂದುಮುಂದು ನೋಡಿ ಮುರಿದಾರು, ಬೆಟ್ಟದ ಮಾದಪ್ಪನ ಆಣೆಯನ್ನು ಮುರಿಯುವ ಗುಂಡಿಗೆ ಯಾರಿಗೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಸಂದಿನಲ್ಲಿ ಒಂದು ಸ್ಟೀಲ್ ಬಟ್ಟಲು ಕಾಣಿಸಿಕೊಂಡಿತು. ಒಳಗೆ ಬಿಸಿ ಮಸ್ಸೊಪ್ಪು. ಹಿಂದೆ ಚಿಕ್ಕವ್ವನ ಬಳೆ. "ಅಕ್ಕ, ಉಪ್ಪಾಗದ ನೋಡು." ಅವ್ವ ಬಟ್ಟಲನ್ನು ಒಳಗೆಳೆದುಕೊಂಡಳು. ಆಮೇಲೆ ಬೆರಳದ್ದಿ ನೆಕ್ಕಿ, "ಒಂಚೂರು ಕಮ್ಮಿ" ಎಂದಳು. ಮಧ್ಯಾಹ್ನ ಅದೇ ಬಟ್ಟಲಿನಲ್ಲಿ ನಮ್ಮ ಮನೆಯ ಹುರುಳಿಸಾರು ಹೊರಗೆ ಹೋಯಿತು. ಆಣೆಯಿಟ್ಟಿದ್ದು ಹೊಸಲಿನ ಮೇಲೆ. ಕಿಟಕಿಯ ವಿಷಯ ಮಾದಪ್ಪನಿಗೆ ಯಾರೂ ಹೇಳಿರಲಿಲ್ಲ.

ಮಕ್ಕಳಾದ ನಾವು ಎರಡೂ ಮನೆಯಲ್ಲಿ ಉಂಡು, ಎರಡೂ ಹೊಸಲು ತುಳಿದು ಬೆಳೆದವರು. ನಮ್ಮ ಕೈಲೇ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಕ್ಕಳ ಕೈಲಿ ಕಳಿಸಿದರೆ ಸಾರು ಬರುತ್ತದೆ, ಸುದ್ದಿ ಬರುವುದಿಲ್ಲ. ಬಟ್ಟಲು ದಾಟಿಸಲು ಅರೆ ನಿಮಿಷ, ಅದರ ಹಿಂದಿನ ಮಾತು ಮುಗಿಯಲು ಒಂದು ಗಂಟೆ. ಜಗಲಿಗೆ ಬಂದು ಕೂತರೆ ತಾನೇ ಸೋತ ಹಾಗೆ ಎಂದು ಅವ್ವ ಒಳಗೆ ಚಾಪೆಯ ಮೇಲೆ, ಚಿಕ್ಕವ್ವ ಹೊರಗೆ ಜಗಲಿಯ ಮೇಲೆ, ನಡುವೆ ಏಳು ಸರಳು. ದಾರಿಯಲ್ಲಿ ಹೋಗುವವರಿಗೆ ಯಾರು ಜೈಲಿನೊಳಗಿದ್ದಾರೆ, ಯಾರು ನೋಡಲು ಬಂದಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಚಿಕ್ಕವ್ವ ಒಳಗೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಮೂರು ದಿನ ಜಗಲಿಯ ಮೇಲೆ ಕಿಟಕಿಗೆ ಒರಗಿ ಕೂತು, ಸರಳಿನ ಸಂದಿನಿಂದ ಕೈ ಹಾಕಿ ಅವ್ವನ ಕೈ ಹಿಡಿದುಕೊಂಡೇ ಇದ್ದಳು. ಆ ಎರಡು ಕೈ ನೋಡಿ ನನಗೆ ಅಳು ಬಂತು, ಜೊತೆಗೆ ಕೆಟ್ಟ ಸಿಟ್ಟೂ ಬಂತು. ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರೆ ಆಣೆ ತೀರುತ್ತದೆ, ಅಷ್ಟೇ ತಾನೆ? ಅವ್ವನಿಗೆ ಹೇಳಿದೆ. "ಗಟ್ಯಾಗಿ ಆಣೆ ಇಟ್ಟೋಳು ಅವ್ಳು, ಮೊದ್ಲು ಅವ್ಳು ಓಗ್ಲಿ" ಎಂದಳು. ಚಿಕ್ಕವ್ವನಿಗೆ ಹೇಳಿದೆ. "ಅಕ್ಕ ದೊಡ್ಡೋಳು ಕಣ್ಲಾ ಮಾದೇವ. ಅವ್ಳು ಓದ್ಮೇಲೆ ನಾನು" ಎಂದಳು. ವರ್ಷಕ್ಕೊಮ್ಮೆ ಇಬ್ಬರೂ ಬೆಟ್ಟಕ್ಕೆ ಹೋಗುತ್ತಲೇ ಇದ್ದರು, ಬೇರೆ ಬೇರೆ ಬಸ್ಸಿನಲ್ಲಿ.

ಇನ್ನು ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಅವಳ ತವರು ಯಳಂದೂರು. ಅಲ್ಲಿ ಅವಳ ಅಣ್ಣ ಹಳೆಮನೆಯ ಕಿಟಕಿಗಳನ್ನೆಲ್ಲ ಬದಲಾಯಿಸಿ ಬಿಳಿಯ ಪ್ಲಾಸ್ಟಿಕ್ ಚೌಕಟ್ಟಿನ ತಳ್ಳುವ ಕಿಟಕಿ ಹಾಕಿಸಿದ್ದ. ನೋಡಿಕೊಂಡು ಬಂದ ದಿನದಿಂದ ಸುಧಾಳಿಗೆ ಬೇರೆ ಮಾತಿಲ್ಲ. "ಒಂದ್ ಬೆರಳಲ್ಲಿ ತಳ್ಳುದ್ರೆ ಸರ್ ಅಂತ ಓಯ್ತದೆ ಕಣ್ರೀ. ಸೊಳ್ಳೆಗೆ ಜಾಲರಿ ಬೇರೆ." ಅವಳದು ಬರೀ ಶೋಕಿಯೂ ಅಲ್ಲ. ನಮ್ಮ ಕಿಟಕಿಯ ಕೆಳಗಿನ ಎಡಗಡೆ ಕದ ಕೂತುಕೊಂಡು ಎಷ್ಟೋ ಕಾಲವಾಗಿತ್ತು, ಹಳೆ ಪೇಪರು ಮಡಿಸಿ ತುರುಕಿ ನಿಲ್ಲಿಸಿದ್ದೆವು. ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಮಂಚ ಬಂದದ್ದೂ ಅದೇ ಕಿಟಕಿಯ ಪಕ್ಕಕ್ಕೆ. ಬಾಗಿಲು ದಾಟಿ ಜಗಲಿಗೆ ಬರುವುದು ಅವಳಿಂದ ಇನ್ನು ಆಗದ ಮಾತು. ಚಳಿಗಾಲವೆಲ್ಲ ಆ ಸಂದಿನ ಗಾಳಿಗೆ ಕೆಮ್ಮಿದ್ದೇ ಕೆಮ್ಮಿದ್ದು. ಅವಳ ಎದೆ ಉಜ್ಜಿ, ಕಷಾಯ ಕಾಯಿಸಿ ನೋಡಿಕೊಂಡವಳು ಸುಧಾನೇ.

"ಜಾಲ್ರಿ ಒಳ್ಗೆ ಬಟ್ಲು ಎಂಗ್ ಬತ್ತದೆ?" ಎಂದು ಅವ್ವ ಕೇಳಿದಳು.

"ಬಾಗ್ಲಲ್ಲಿ ಬರ್ಲಿ ಅತ್ತೆ. ನಾನೇ ಓಗಿ ಈಸ್ಕತೀನಿ."

"ಬಟ್ಲು ನೀನು ಈಸ್ಕತೀಯೆ. ಮಾತು ಯಾರ್ ಈಸ್ಕತಾರೆ?"

ಆದರೂ ಸುಧಾ ಅಳತೆ ಕೊಟ್ಟು ಕಿಟಕಿ ಮಾಡಿಸಿಯೇ ಬಿಟ್ಟಳು. ಅತ್ತೆ ಬಾಯಿಂದ ಬರುವ ತನಕ ಹಳೆಯದನ್ನು ಮುಟ್ಟುವುದು ಬೇಡ ಎಂದೂ ಅವಳೇ ಕಟ್ಟುಮಾಡಿದಳು. ಹೀಗಾಗಿ ಹೊಸ ಕಿಟಕಿ ಪ್ಲಾಸ್ಟಿಕ್ ಸುತ್ತಿಕೊಂಡು ಹತ್ತು ದಿನ ಜಗಲಿಯ ಮೇಲೇ ಗೋಡೆಗೆ ಒರಗಿ ನಿಂತಿತ್ತು. ಚಿಕ್ಕವ್ವ ಅದರ ಪಕ್ಕದಲ್ಲೇ ಕೂತು ಅವ್ವನ ಜೊತೆ ಮಾತಾಡುತ್ತಿದ್ದಳು. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಒಂದು ಸಂಜೆ ಮಾತ್ರ ಬಸ್ಸಿಳಿದು ಬರುತ್ತಿದ್ದ ನನ್ನನ್ನು ನಿಲ್ಲಿಸಿ, "ಇದ್ರೊಳ್ಗೆ ಕೈ ತೂರ್ತದ ಮಾದೇವ?" ಎಂದು ಕೇಳಿದಳು.

"ಇಲ್ಲ ಚಿಕ್ಕವ್ವ, ಗಾಳಿ ತೂರ್ತದೆ ಅಷ್ಟೆ."

"ಗಾಳಿಯಾದ್ರೂ ತೂರ್ಲಿ ಬುಡು" ಎಂದು ಎದ್ದು ಹೋದಳು.

ನಾನು ಹನೂರಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು ಎಂಬುದನ್ನು ಇಲ್ಲಿಯವರೆಗೆ ಮುಚ್ಚಿಟ್ಟಿದ್ದೆ. ಮುಂದೆ ಆಗುವ ಅವಮಾನ ಸ್ವಲ್ಪ ತಡವಾಗಿ ಆಗಲಿ ಎಂಬ ಆಸೆ. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ನಾನಾರ್ಥ ಪದಗಳನ್ನು ಹೇಳಿಕೊಡುತ್ತಿದ್ದೇನೆ. ಒಮ್ಮೆ ಬೋರ್ಡಿನ ಮೇಲೆ 'ತೆಗೆ' ಎಂದು ಬರೆದು ಎಲ್ಲೆಲ್ಲಿ ಬಳಸುತ್ತೀರಿ ಹೇಳಿ ಎಂದೆ. ಕೌದಳ್ಳಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ಒಂದೇ ಉಸಿರಿಗೆ, "ಬಾಗ್ಲು ತಗಿ, ಪೋಟ ತಗಿ, ಮಾರ್ಕ್ಸ್ ತಗಿ, ತಪ್ಪು ತಗಿ, ಕ್ಯಾತೆ ತಗಿ ಸಾ" ಎಂದಳು. ಭೇಷ್ ಎಂದು ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದೆ. ಒಂದೇ ಮಾತು, ಎಷ್ಟೊಂದು ಅರ್ಥ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು ಮಕ್ಕಳೇ ಎಂದು ಭಾಷಣವನ್ನೂ ಮಾಡಿದೆ.

ಅದಾದ ವಾರಕ್ಕೆ ಭಾನುವಾರ. ಕಿಟಕಿ ಮಾಡಿದ ಸಿದ್ದಾಚಾರಿ ಧನಗೆರೆಯಿಂದ ಬಂದ. ಮೊದಲು ಮರದ ಕೆಲಸ ಮಾಡುತ್ತಿದ್ದವನು, ಈಗ ಮರ ಕೇಳುವವರಿಲ್ಲದೆ ಪ್ಲಾಸ್ಟಿಕ್ಕಿಗೆ ಇಳಿದಿದ್ದಾನೆ. ಹಳೆಯ ಚೌಕಟ್ಟನ್ನು ತಟ್ಟಿ, "ಇಂಥ ಹೊನ್ನೆ ಈಗೆಲ್ಲವ ಸಾ" ಎಂದು ಒಂದು ನಿಟ್ಟುಸಿರು ಬಿಟ್ಟ. ಹೊಸದನ್ನು ತಟ್ಟಿ, "ಇದ್ಕೆ ಗೆದ್ಲು ಇಡಿಯಲ್ಲ" ಎಂದು ಇನ್ನೊಂದು ನಿಟ್ಟುಸಿರು ಬಿಟ್ಟ. ಆಮೇಲೆ ಅಳತೆ ಇನ್ನೊಮ್ಮೆ ನೋಡಲು ನಾಲ್ಕೂ ಕದ ಮುಚ್ಚಿದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಒಳಗಿನಿಂದ ಅವ್ವ ಕೂಗಿದಳು.

"ಮಾದೇವಾ, ಕಿಟ್ಕಿ ತಗೀರ್ಲಾ!"

ನಾನು ಮತ್ತು ಸುಧಾ ಮುಖ ಮುಖ ನೋಡಿಕೊಂಡೆವು. ಸುಧಾಳ ಕಣ್ಣಲ್ಲಿ ನೀರೇ ಬಂತು. "ಅತ್ತೆ ಒಪ್ಬುಟ್ರು ಕಣ್ರೀ" ಎಂದಳು. ಒಳಗೆ ಹೋಗಿ, ಧೂಳು ಕುಡಿಯುವುದು ಬೇಡವೆಂದು ಅವ್ವನನ್ನು ಮೆಲ್ಲಗೆ ಎಬ್ಬಿಸಿ, ಹೇಗೂ ಭಾನುವಾರ, ಎಣ್ಣೆನೀರು ಹಾಕುತ್ತೇನೆಂದು ಹಿತ್ತಲ ಬಚ್ಚಲಿಗೆ ಕರೆದುಕೊಂಡು ಹೋದಳು. ಅವ್ವನಿಗೆ ಕಿವಿ ಮಂದ. ಎಣ್ಣೆನೀರೆಂದರೆ ಒಂದು ಗಂಟೆಗೆ ಮೋಸವಿಲ್ಲ. ನಾನು ಸಂದರ್ಭವನ್ನು ಕಿಂಚಿತ್ತೂ ನೋಡದೆ, "ಆಚಾರ್ರೇ, ಅವ್ವನೇ ಯೋಳ್ಬುಟ್ರು, ತಗೀರಿ!" ಎಂದೆ.

ತೆಗೆದ. ಹಾರೆ ಹಾಕಿದ ಎರಡು ಕಡೆ ಮಣ್ಣು ಸುರಿಯಿತು, ಆಮೇಲೆ ಮುತ್ತಾತನ ಚೌಕಟ್ಟು ನರಳುತ್ತ ಗೋಡೆ ಬಿಟ್ಟು ಬಂತು. ನಾನೇ ಒಂದು ಕಡೆ ಹಿಡಿದುಕೊಂಡು ಜಗಲಿಯಾಚೆ ಇಳಿಸಿದೆ. ಬಾಗಿದ ನಾಲ್ಕನೆಯ ಸರಳನ್ನು ಮುಟ್ಟಿ ನೋಡಿದೆ. ಅಂದು ನನ್ನ ತಲೆಯಿಂದ ಒಂದು ಸರಳು ಬಾಗಿತ್ತು, ಇಂದು ನನ್ನ ಕಿವಿಯಿಂದ ಏಳಕ್ಕೆ ಏಳೂ ಹೋಗಿದ್ದವು. ಅದು ಇನ್ನೂ ನನಗೆ ಗೊತ್ತಿರಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು, ಸುಧಾಳ ಹೆಗಲು ಹಿಡಿದು ಅವ್ವ ಬಂದಳು. ಗೋಡೆಯಲ್ಲಿ ಆಳೆತ್ತರದ ಬಯಲು. ಬೀದಿಯ ಬೆಳಕೆಲ್ಲ ಅವಳ ಮಂಚದ ಮೇಲೆ ಬಿದ್ದಿತ್ತು.

"ಯಾರ್ಲಾ ಕಿತ್ತಿದ್ದು?"

"ನೀನೇ ತಗೀರಿ ಅಂದ್ಯಲ್ಲವ್ವ."

"ತಗೀರಿ ಅಂದೆ ಕಣ್ಲಾ. ಸೆಕೆ ಆಯ್ತದೆ ಕದ ತಗೀರಿ ಅಂದ್ರೆ, ಗೋಡೆಯಿಂದ್ಲೇ ಕಿತ್ತಾಕ್ಬುಡಾದ? ತಗಿಯಾದೆ ಬ್ಯಾರೆ, ತಗ್ದಾಕಾದೆ ಬ್ಯಾರೆ. ಅನೂರು ಮಕ್ಕಳ್ಗೆ ಇನ್ನೇನು ಕನ್ನಡ ಯೋಳ್ಕೊಟ್ಟೀಯಪ್ಪ ನೀನು?"

ಸಿದ್ದಾಚಾರಿ ಬೇರೆ ಕಡೆ ಮುಖ ತಿರುಗಿಸಿ ಬೀಡಿ ಹುಡುಕಿದ. ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ನಗಲೋ ಬೇಡವೋ ಎಂದು ನಿಂತಿರುವಾಗಲೇ ಅವ್ವ ಮಂಚದ ತುದಿಯಲ್ಲಿ ಕುಸಿದು ಕೂತಳು. "ಇನ್ ಅವ್ಳು ಎಲ್ಲಿಗ್ ಬಂದಾಳು?" ಎಂದಳು. ಬೈಗುಳದ ದನಿ ಹೋಗಿ ಸಣ್ಣ ಮಗುವಿನ ದನಿಯಾಗಿತ್ತು. ಸುಧಾ ಅವಳ ಕಾಲ ಹತ್ತಿರ ಕೂತು, "ತಪ್ಪಾಯ್ತು ಅತ್ತೆ, ಇದನ್ನೇ ವಾಪಸ್ ಕೂರುಸ್ತೀವಿ" ಎಂದಳು. ಹಳೆಯ ಚೌಕಟ್ಟಿನ ತಳದ ಮರ ಗೆದ್ದಲು ತಿಂದು, ಕೀಳುವಾಗಲೇ ಎರಡು ತುಂಡಾಗಿದೆ ಎಂಬುದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಜಗಲಿಯ ಮೇಲೆ ಚಿಕ್ಕವ್ವನ ಹೆಜ್ಜೆ. ಸೆರಗಿನಲ್ಲಿ ಹಿಡಿದ ಬಟ್ಟಲು. ಅಭ್ಯಾಸದ ಮೇಲೆ ಸರಳು ಹಿಡಿಯಲು ಎಡಗೈ ಚಾಚಿದಳು. ಕೈ ಗಾಳಿಯಲ್ಲಿ ಹೋಯಿತು. ತಡೆದು ನಿಂತಳು. ಮಂಚದ ಮೇಲಿನ ಅವ್ವ, ಜಗಲಿಯ ಮೇಲಿನ ಚಿಕ್ಕವ್ವ, ಅಷ್ಟು ವರ್ಷದ ಮೇಲೆ ಮೊದಲ ಸಲ ನಡುವೆ ಏನೂ ಇಲ್ಲದೆ ಒಬ್ಬರನ್ನೊಬ್ಬರು ನೋಡಿದರು. "ಎಷ್ಟು ಸಣ್ಣಾಗೋಗಿದ್ದೀಯಕ್ಕ" ಎಂದಳು ಚಿಕ್ಕವ್ವ. ಆಮೇಲೆ ಬಗ್ಗಿ, ಗೋಡೆಯ ಮುರಿದ ಅಂಚನ್ನು ಕೈಯಿಂದ ಸವರಿ ನೋಡಿದಳು.

"ಆಚಾರಪ್ಪ, ಇದ್ಕೆ ಒಸ್ಲು ಅಂತರಾ?"

ಸಿದ್ದಾಚಾರಿಗೆ ನಮ್ಮ ಮನೆಯ ಆಣೆಯ ಸುದ್ದಿ ಏನೂ ಗೊತ್ತಿಲ್ಲ. ಕಸುಬಿನ ಪ್ರಶ್ನೆ ಕೇಳಿದ್ದಾರೆ ಎಂದುಕೊಂಡು ಎದ್ದು ನಿಂತು ಹೇಳಿದ. "ಎಲ್ಲಾದ್ರೂ ಉಂಟಾ ಅವ್ವ? ಒಸ್ಲು ಅಂದ್ರೆ ಬಾಗ್ಲು ಚೌಕಟ್ಟಿನ ಕೆಳಗ್ಲು ಮರ. ಅರಿಸ್ನ ಕುಂಕುಮ ಮಡಗಿ ಪೂಜೆ ಮಾಡಿ ಕೂರ್ಸಾದು. ಇಲ್ಲಿ ಚೌಕಟ್ಟೇ ಇಲ್ಲ. ಇದು ಬರೀ ಗೋಡೆ."

ಚಿಕ್ಕವ್ವ ಬಟ್ಟಲನ್ನು ಜಗಲಿಯ ಮೇಲಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಲೇ ಮಾದೇವ, ಕೈ ಕೊಡ್ಲಾ" ಎಂದಳು. ಎಪ್ಪತ್ತು ದಾಟಿದ ಮಂಡಿಗಳು. ಒಂದು ಕಾಲು ಎತ್ತಿ ಗೋಡೆಯಾಚೆ ಇಡುವಷ್ಟರಲ್ಲಿ ನನಗೆ ಬೆವರಿತು. ಇನ್ನೊಂದು ಕಾಲನ್ನು ಸುಧಾ ಈ ಕಡೆಯಿಂದ ಹಿಡಿದು ಇಳಿಸಿದಳು. ನಡುಮನೆಯಲ್ಲಿ ನಿಂತು ಚಿಕ್ಕವ್ವ ಮೇಲಕ್ಕೆ ನೋಡಿ, "ಒಸ್ಲು ತುಳಿದಿಲ್ಲ ಕಣಪ್ಪ ಮಾದಪ್ಪ" ಎಂದು ಕೈ ಮುಗಿದಳು. ಅವ್ವ ಅವಳ ಬೆನ್ನಿಗೆ ಒಂದು ಗುದ್ದಿದಳು. "ಇಷ್ಟು ವರ್ಸ ಬೇಕಾಯ್ತಾ ನಿಂಗೆ? ಇಷ್ಟು ವರ್ಸ ಬೇಕಾಯ್ತಾ?" ಎಂದು ಇನ್ನೆರಡು ಗುದ್ದಿ, ಅದೇ ಬೆನ್ನನ್ನು ಅಪ್ಪಿಕೊಂಡು ಅತ್ತಳು. ಚಿಕ್ಕವ್ವನೂ ಅತ್ತಳು. ನಾನು ಮೇಷ್ಟ್ರು, ಆದ್ದರಿಂದ ಕಣ್ಣಿಗೆ ಧೂಳು ಬಿತ್ತೆಂದು ಹೇಳಿಕೊಂಡೆ.

ಅಳು ಮುಗಿದದ್ದೇ ಚಿಕ್ಕವ್ವ ಮನೆಯನ್ನು ತಪಾಸಣೆ ಮಾಡಿದಳು. ಜೇಡರ ಬಲೆ ತೋರಿಸಿದಳು, ಅಡಿಗೆಮನೆಯ ಸಿಂಕು ತಪ್ಪು ದಿಕ್ಕಿಗಿದೆ ಎಂದಳು, ಅಪ್ಪನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತಳು. ಬಂದು ಅವ್ವನ ಮಂಚದ ಮೇಲೆ ಕಾಲು ಮಡಿಸಿ ಕೂತವಳು ಮತ್ತೆ ಏಳಲಿಲ್ಲ. "ಅವತ್ತು ನಂದಾಗ್ಲಿ ಅಂದಿದ್ದು ರುಬ್ಬಾದು ಮುಗೀಲಿ ಅಂತ ಕಣಕ್ಕ" ಎಂದಳು. "ಅವತ್ತೇ ಬುಡ್ಸಿ ಯೋಳಕೆ ನಿಂಗೇನಾಗಿತ್ತು?" ಎಂದಳು ಅವ್ವ. ಮಸ್ಸೊಪ್ಪಿನ ಬಟ್ಟಲು ಜಗಲಿಯ ಮೇಲೇ ಉಳಿಯಿತು, ಯಾರೂ ಕೇಳಲಿಲ್ಲ.

ಸುಧಾಳ ಹೊಸ ಕಿಟಕಿ ಈಗ ನಮ್ಮ ಅಡಿಗೆಮನೆಯ ಗೋಡೆಯಲ್ಲಿದೆ, ಒಂದು ಬೆರಳಲ್ಲಿ ತಳ್ಳಿದರೆ ಸರ್ ಎಂದು ಹೋಗುತ್ತದೆ. ಮುಂದಿನ ಗೋಡೆಯ ಬಯಲನ್ನು ಸಿದ್ದಾಚಾರಿ ನೆಲದವರೆಗೆ ಇಳಿಸಿ, ಹಳೆಯ ಕದಗಳನ್ನೇ ಜೋಡಿಸಿ ಒಂದು ಬಾಗಿಲು ಮಾಡಿಕೊಟ್ಟ. ಗಾಳಿ ಒಂದಿಷ್ಟೂ ಬರುವುದಿಲ್ಲ. ಆ ಬಾಗಿಲಿಗೆ ಹೊಸಲು ಮಾತ್ರ ಇಡಲಿಲ್ಲ. ಆದರೆ ಇದೆಲ್ಲ ಆಮೇಲಿನ ಮಾತು. ಆ ಭಾನುವಾರ ಸಂಜೆಯಾಗುತ್ತ ಬಂದರೂ ಅವರಿಬ್ಬರ ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಸಿದ್ದಾಚಾರಿಗೆ ಧನಗೆರೆಗೆ ಹೊರಡುವ ಅವಸರ. ಹೊಸ ಕಿಟಕಿಯನ್ನು ಎತ್ತಿ ಹಿಡಿದುಕೊಂಡು, "ಸಾ, ಆಕ್ಬುಡ್ಲಾ?" ಎಂದ. ನಾನು ಒಳಗೆ ಹೋಗಿ ಕೇಳಿದೆ.

"ಕಿಟ್ಕಿ ಆಕ್ಬ್ಯಾಡಿ" ಎಂದಳು ಅವ್ವ.

ಬೆಳಿಗ್ಗೆ ಒಂದು ಸಲ ಮರ್ಯಾದೆ ಹೋಗಿತ್ತಲ್ಲ, ಈ ಸಲ ಸಂದರ್ಭ ನೋಡಿಯೇ ಕೇಳಿದೆ. "ಆಕ್ಬ್ಯಾಡಿ ಅಂದ್ರೆ ಎಂಗವ್ವ? ಹೊಸ್ದು ಕೂರ್ಸಾದು ಬ್ಯಾಡ್ವಾ, ಇಲ್ಲಾ ಮುಚ್ಚಾದು ಬ್ಯಾಡ್ವಾ?"

ಅವ್ವ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಚಿಕ್ಕವ್ವ ಹೇಳಿದಳು.

"ಎರ್ಡೂ ಬ್ಯಾಡ ಕಣ್ಲಾ."